ಪಟ್ಟದ ಹೆಂಡ

ಹೆರ್ದಿಸ್ ಮಾಡಿದ ಹೆಂಡಕ್ಕೆ ಆರ್ಕ್ನಿ ದ್ವೀಪಗಳಲ್ಲೆಲ್ಲ ಹೆಸರಿತ್ತು. ಜನ ಅದರ ರುಚಿಯನ್ನು ಹೊಗಳುತ್ತಿದ್ದುದು ಕಡಿಮೆ. ಕುಡಿದ ಮಾರನೆಯ ಬೆಳಿಗ್ಗೆ ತಾವು ಎಲ್ಲಿ ಎದ್ದೆವೆಂದು ಹೇಳಿಕೊಂಡು ಹೊಗಳುತ್ತಿದ್ದರು. ಒಬ್ಬ ಕುರಿಗಳ ನಡುವೆ ಎದ್ದಿದ್ದ. ಇನ್ನೊಬ್ಬ ಬೇರೆ ದ್ವೀಪಕ್ಕೆ ಹೊರಟಿದ್ದ ದೋಣಿಯಲ್ಲಿ ಎದ್ದು, ಹೋದ ಕಡೆಯಲ್ಲೇ ಮದುವೆಯಾಗಿ ಉಳಿದುಬಿಟ್ಟಿದ್ದ. ಯಾರ್ಲ್ ಎಂದು ಕರೆಸಿಕೊಳ್ಳುವ ದ್ವೀಪಗಳ ಒಡೆಯ ಬಾರ್ದ್‌ಗೆ ಇಂಥ ಕಥೆಗಳೆಂದರೆ ಹೆಮ್ಮೆ. ಮನೆಗೆ ಬಂದ ಅತಿಥಿ ತನ್ನ ಕಾಲ ಮೇಲೆ ತಾನೇ ನಡೆದು ಹೋದರೆ ಮನೆಯ ಮರ್ಯಾದೆ ಹೋಯಿತೆಂದೇ ಅವನು ತಿಳಿದಿದ್ದ.

ಹೆರ್ದಿಸ್ ಮಾತ್ರ ಕುಡಿಯುತ್ತಿರಲಿಲ್ಲ. ನಾಲಗೆಯ ತುದಿಗೆ ಹಚ್ಚಿ ನೋಡಿ ಉಗಿಯುತ್ತಿದ್ದಳು. ಹೆಂಡ ಅವಳಿಗೆ ಕಸುಬಾಗಿತ್ತೇ ಹೊರತು ಖುಷಿಯಾಗಿರಲಿಲ್ಲ. ಅದಕ್ಕೆ ಕಾರಣ ಅವಳ ಗಂಡ ಕೋಲ್.

ಆ ದ್ವೀಪಗಳಲ್ಲಿ ಒಡೆಯನೊಬ್ಬ ಸತ್ತರೆ ಅವನ ಮಗ ಔತಣ ಮಾಡಬೇಕು. ಔತಣದ ದಿನ ಮಗ ತಂದೆಯ ಖಾಲಿ ಪೀಠದ ಕೆಳಗಿನ ಮೆಟ್ಟಿಲಲ್ಲಿ ಕೂತಿರುತ್ತಾನೆ. ಹೆಂಡ ತುಂಬಿದ ಕೊಂಬು ಬಂದಾಗ ಎದ್ದು ನಿಂತು, ಇಂಥದನ್ನು ಮಾಡಿಯೇ ತೀರುತ್ತೇನೆಂದು ಎಲ್ಲರೆದುರು ಆಣೆಯಿಟ್ಟು, ಕೊಂಬನ್ನು ಬರಿದು ಮಾಡಿ, ಆಮೇಲೆ ಪೀಠ ಹತ್ತುತ್ತಾನೆ. ಅಲ್ಲಿಂದ ಕೊಂಬು ಬೆಂಚಿನಿಂದ ಬೆಂಚಿಗೆ ಹೋಗುತ್ತದೆ. ಅವನ ಕಡೆಯವರೂ ಒಬ್ಬೊಬ್ಬರಾಗಿ ತಂತಮ್ಮ ಆಣೆ ಕೂಡಿಸುತ್ತಾರೆ. ಕೊಂಬು ಹಿಡಿದು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಂಡವನ ಜೊತೆ ಯಾರೂ ಊಟಕ್ಕೆ ಕೂರುವುದಿಲ್ಲ, ಅವನ ಮಕ್ಕಳಿಗೆ ಹೆಣ್ಣು ಕೊಡುವುದಿಲ್ಲ.

ಬಾರ್ದ್ ಪಟ್ಟಕ್ಕೆ ಬಂದ ದಿನ ಅವನ ಹಡಗಿನಲ್ಲಿ ಹುಟ್ಟು ಹಾಕುತ್ತಿದ್ದ ಕೋಲ್ ಕೂಡ ಕೊಂಬು ಹಿಡಿದು ಎದ್ದ. ದಕ್ಷಿಣದ ಸ್ಕಾಟರ ಕೋಟೆಯ ಗೋಡೆಯನ್ನು ಕೈಯಿಂದ ಮುಟ್ಟದೆ ತಾನು ಹಿಂದಿರುಗುವುದಿಲ್ಲ ಎಂದ. ಬೆಳಿಗ್ಗೆ ಎದ್ದು ತಲೆ ಹಿಡಿದುಕೊಂಡು, "ನಿನ್ನೆ ನಾನೇನಾದ್ರೂ ಅಂದ್ನಾ?" ಎಂದು ಹೆಂಡತಿಯನ್ನು ಕೇಳಿದ. ಹೆರ್ದಿಸ್ ಹೇಳಿದಳು. ಅವನು ಬೂಟಿಗೆ ಹಚ್ಚಲು ಸೀಲ್ ಪ್ರಾಣಿಯ ಕೊಬ್ಬು ಇದೆಯೇ ಎಂದು ವಿಚಾರಿಸಿದ. ಆ ಬೇಸಿಗೆ ಬಾರ್ದ್ ಹಡಗುಗಳನ್ನು ಕರೆದುಕೊಂಡು ಹೋಗಿ, ಯುದ್ಧವಿಲ್ಲದೆ ದಡದಲ್ಲೇ ರಾಜಿ ಮಾಡಿಕೊಂಡು ಬಂದ. ಕೋಲ್ ಮಾತ್ರ ಗೋಡೆ ಮುಟ್ಟಲೇಬೇಕಾಗಿತ್ತು. ಒಬ್ಬನೇ ನಡೆದು ಹೋಗಿ ಮುಟ್ಟಿದ. ಗೋಡೆಯ ಮೇಲಿದ್ದವರು ಯಾವನೋ ಹುಚ್ಚನೆಂದು ಸ್ವಲ್ಪ ಹೊತ್ತು ನೋಡಿದರಂತೆ, ಆಮೇಲೆ ಕಲ್ಲು ಎತ್ತಿ ತಲೆಯ ಮೇಲೆ ಹಾಕಿದರಂತೆ. ಆಗ ಅವರ ಮಗ ಔದುನ್ ಇನ್ನೂ ಹೊಟ್ಟೆಯಲ್ಲಿದ್ದ.

ಔದುನ್ ಹುಟ್ಟಿದ ಚಳಿಗಾಲದಲ್ಲೇ ಯಾರ್ಲನ ಎರಡನೆಯ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳು. ಕೂಸನ್ನು ಕುರಿಚರ್ಮದಲ್ಲಿ ಸುತ್ತಿ ಹೆರ್ದಿಸ್‌ಳ ಗುಡಿಸಲಿಗೆ ತಂದರು. ಅವಳು ಹೆಚ್ಚು ಯೋಚಿಸಲಿಲ್ಲ. ಒಂದು ಮಗ್ಗುಲಿಗೆ ಔದುನ್ ಇದ್ದ, ಇನ್ನೊಂದು ಮಗ್ಗುಲಿಗೆ ಇವನನ್ನು ಹಾಕಿಕೊಂಡಳು. ಹೀಗೆ ಅವಳು ಯಾರ್ಲನ ಮನೆಗೆ ಬಂದಳು. ಹಾಲು ಬತ್ತಿದ ಮೇಲೆ ಹೆಂಡದ ಮನೆಯ ಕೆಲಸ ಹಿಡಿದು ಅಲ್ಲೇ ಉಳಿದಳು.

ಕೂಸಿಗೆ ವೆಮುಂದ್ ಎಂದು ಹೆಸರಿಟ್ಟರು. ಒಂದೇ ಹಾಲು ಕುಡಿದ ಇಬ್ಬರೂ ಒಂದೇ ಹೊದಿಕೆಯಲ್ಲಿ ಮಲಗಿ, ಒಂದೇ ದೋಣಿ ಮಗುಚಿ ನೀರು ಕುಡಿದು, ಒಟ್ಟಿಗೇ ಏಟು ತಿಂದು ಬೆಳೆದರು. ಔದುನ್‌ಗೆ ಕೊಟ್ಟದ್ದು ಸಾಕಾಗುತ್ತಿತ್ತು. ವೆಮುಂದ್‌ಗೆ ಹಾಗಲ್ಲ. ಒಮ್ಮೆ ಅವರ ದಡಕ್ಕೆ ತಿಮಿಂಗಿಲವೊಂದು ಬಂದು ಬಿದ್ದಾಗ ಅದರ ಬಾಲ ಪಕ್ಕದ ರೈತನ ಗಡಿಕಲ್ಲಿನ ಆಚೆ ಚಾಚಿಕೊಂಡಿತ್ತು. ಪದ್ಧತಿಯಂತೆ ಬಾಲ ರೈತನಿಗೆ ಹೋಯಿತು. ಉಳಿದ ಮೈಯೆಲ್ಲ ತಮ್ಮದೇ ಆಗಿದ್ದರೂ ಆ ಬಾಲ ಯಾಕೆ ನಮ್ಮದಲ್ಲ ಎಂದು ಹುಡುಗ ವಾರವೆಲ್ಲ ಕೇಳುತ್ತಿದ್ದ. ಕೆಟ್ಟವನಲ್ಲ. ಕಿತ್ತುಕೊಂಡದ್ದರಲ್ಲಿ ಅರ್ಧವನ್ನು ಔದುನ್‌ಗೆ ಕೊಟ್ಟೇ ತಿನ್ನುತ್ತಿದ್ದ.

ಮುದುಕ ಬಾರ್ದ್ ಒಂದು ಶರತ್ಕಾಲದಲ್ಲಿ ಕೆಮ್ಮು ಹತ್ತಿ ಸತ್ತ. ಸಾಯುವ ಮೊದಲು ದ್ವೀಪಗಳನ್ನು ಎರಡು ಪಾಲು ಮಾಡಿದ. ಮೊದಲ ಹೆಂಡತಿಯ ಮಗ ಓರ್ಮ್‌ಗೆ ಉತ್ತರದ ದ್ವೀಪಗಳು. ವೆಮುಂದ್‌ಗೆ ದೊಡ್ಡ ದ್ವೀಪವೂ ಯಾರ್ಲನ ಮನೆಯೂ. ಒಳ್ಳೆಯ ಪಾಲು ವೆಮುಂದ್‌ನದೇ. ಆದರೆ ಹೆಣದ ಪಕ್ಕದಲ್ಲಿ ನಿಂತಿದ್ದ ಅವನ ಮುಖ ನೋಡಿದ ಹೆರ್ದಿಸ್‌ಗೆ ಆ ತಿಮಿಂಗಿಲದ ಬಾಲ ನೆನಪಾಯಿತು. ಪಟ್ಟದ ದಿನ ಅವನು ಏನೋ ದೊಡ್ಡದನ್ನೇ ಆಡುತ್ತಾನೆ, ಅವನ ಬೆನ್ನಿಗೆ ಔದುನ್ ಅದಕ್ಕಿಂತ ದೊಡ್ಡದನ್ನು ಆಡುತ್ತಾನೆ ಎಂದು ಅವಳಿಗೆ ಅನ್ನಿಸಿತು. ಔದುನ್‌ನನ್ನು ಕರೆದು ಕೇಳಿದಳು. ಎಲ್ಲರೂ ಆಡುವಾಗ ತಾನು ಬಾಯಿಗೆ ಬೆಣ್ಣೆ ಹಾಕಿಕೊಂಡು ಕೂತಿರಲು ಆಗುತ್ತದೆಯೇ, ಆ ಹೊತ್ತಿಗೆ ಏನು ಬರುತ್ತದೋ ಅದನ್ನು ಆಡುತ್ತೇನೆ ಎಂದ. ಅವನ ಅಪ್ಪ ಆಡಿದ್ದೂ ಆ ಹೊತ್ತಿಗೆ ಬಂದದ್ದನ್ನೇ.

ಹಾಗಾಗಿ ಅವಳು ಯಾರಿಗೂ ಹೇಳದೆ ತನ್ನ ಕೈಲಾದದ್ದನ್ನು ಮಾಡಿದಳು.

ಹೆಂಡಕ್ಕೆ ಮೊಳಕೆ ಬಂದ ಜವೆಗೋಧಿಯನ್ನು ಹೊಗೆಯಲ್ಲಿ ಒಣಗಿಸಿ ಕುಟ್ಟಿ, ಬಾನಿಗೆ ಹಾಕಿ, ಕಾದ ಕಲ್ಲುಗಳನ್ನು ಇಳಿಬಿಟ್ಟು ನೀರು ಬಿಸಿ ಮಾಡುತ್ತಾರೆ. ಮೊದಲು ಸೋಸಿದ ರಸ ಗಟ್ಟಿ; ಔತಣಕ್ಕೆ ಅದೇ. ಅದೇ ಹಿಟ್ಟಿಗೆ ಮತ್ತೆ ನೀರು ಹಾಕಿದರೆ ಮನೆಮಂದಿಗೆ. ಮೂರನೆಯ ಸಲ ಹಾಕಿದ್ದು ಅಮಲೇ ಏರದಷ್ಟು ತೆಳು; ಅದು ಮಕ್ಕಳಿಗೆ, ಬಾಣಂತಿಯರಿಗೆ. ಹೆರ್ದಿಸ್ ಈ ಸಲ ಧಾನ್ಯವನ್ನು ಕಪ್ಪಾಗುವಷ್ಟು ಹುರಿದು ಬಣ್ಣ ಬರಿಸಿದಳು. ಜೌಗುನೆಲದ ಕಹಿಸೊಪ್ಪನ್ನು ಕೈತುಂಬ ಹಾಕಿದಳು. ಅವಳ ಜೊತೆ ಕೆಲಸ ಮಾಡುತ್ತಿದ್ದ ಯೋರುನ್ ಸೌಟಿನಲ್ಲಿ ಒಂದು ಗುಟುಕು ಕುಡಿದು ಅವಳ ಮುಖ ನೋಡಿದಳು.

"ಅಕ್ಕ, ಇದು ಮೂರನೇ ನೀರು."

"ಹೌದು."

"ಮೊದಲನೇದು ಎಲ್ಲಿ?"

"ಹಂದಿಗೆ ಹಾಕ್ದೆ."

ಯೋರುನ್ ಸೌಟನ್ನು ಕೆಳಗಿಟ್ಟಳು. "ಹಾಗಾದ್ರೆ ನಾಳೆ ನಮ್ಮ ಹಂದಿಗಳೆಲ್ಲ ಆಣೆ ಇಡ್ತವೆ. ನಾರ್ವೆ ದೇಶಾನೇ ಗೆದ್ಕೊಂಡು ಬರ್ತವೆ." ಆಮೇಲೆ ನಗು ನಿಲ್ಲಿಸಿ, ಇದು ಗೊತ್ತಾದರೆ ಇಬ್ಬರ ಚರ್ಮವನ್ನೂ ಸುಲಿದು ಒಣಹಾಕುತ್ತಾರೆ ಎಂದಳು. ಸತ್ತವರ ಹೆಸರಿನ ಹೆಂಡವನ್ನು ಹಳಿಯುವ ಪದ್ಧತಿಯಿಲ್ಲ, ಯಾರೂ ಬಾಯಿ ಬಿಡುವುದಿಲ್ಲ ಎಂದು ಹೆರ್ದಿಸ್ ಹೇಳಿದಳು. ಯೋರುನ್‌ಗೂ ಬೆಳೆದ ಮಗನೊಬ್ಬನಿದ್ದ. ಅವಳು ಇನ್ನೊಂದು ಹಿಡಿ ಕಹಿಸೊಪ್ಪು ತಂದು ಬಾನಿಗೆ ಹಾಕಿದಳು.

ಔತಣಕ್ಕೆ ಓರ್ಮ್ ತನ್ನ ಜನರೊಂದಿಗೆ ಬಂದ. ಅವನು ದಪ್ಪ ಮೈಯ, ಜೋರಾಗಿ ನಗುವ ಮನುಷ್ಯ; ಯಾವ ಔತಣದಲ್ಲೂ ಎಲ್ಲರಿಗಿಂತ ಮೊದಲು ಬೆಂಚಿನ ಕೆಳಗೆ ಹೋಗುವವನೆಂದು ಹೆಸರಾಗಿದ್ದ. ಹೊಗೆಯಲ್ಲಿಟ್ಟ ಕುರಿಮಾಂಸ, ಒಣಮೀನು, ಬೆಣ್ಣೆ ಸವರಿದ ಜವೆರೊಟ್ಟಿ ಬಂದವು. ಹೆಂಗಸರು ಹೆಂಡದ ಕೊಡ ಹಿಡಿದು ಬೆಂಚುಗಳ ನಡುವೆ ಓಡಾಡಿದರು. ಜನ ಎಷ್ಟು ಕುಡಿದರೂ ಮುಖ ಕೆಂಪಾಗಲಿಲ್ಲ. ಎದ್ದು ಹೊರಗೆ ಹೋಗಿ ಬರುವುದಷ್ಟೇ ಹೆಚ್ಚಾಯಿತು. ಇದು ತಲೆಗೇ ಏರುತ್ತಿಲ್ಲವಲ್ಲ ಎಂದು ಮುದುಕನೊಬ್ಬ ಪಕ್ಕದವನ ಕಿವಿಯಲ್ಲಿ ಹೇಳಿದ್ದಕ್ಕೆ ಅವನು, "ನಿನ್ನ ತಲೇಲಿ ಏನೂ ಇಲ್ಲ ಅಂತ ಅದಕ್ಕೂ ಗೊತ್ತು, ಯಾಕೆ ಏರತ್ತೆ?" ಎಂದ.

ಹೊಸದಾಗಿ ಬಂದಿದ್ದ ಪಾದ್ರಿ ಕೊಂಬಿನ ಮೇಲೆ ಶಿಲುಬೆಯ ಗುರುತು ಬರೆದು ದೂರ ಹೋಗಿ ಕೂತ. ವೆಮುಂದ್ ಮೆಟ್ಟಿಲಿನಿಂದ ಎದ್ದ. ಅವನು ಕೂಗುತ್ತಾನೆಂದು ಹೆರ್ದಿಸ್ ಕಾದಿದ್ದಳು. ಅವನು ಕೂಗಲಿಲ್ಲ. ಎದುರಿನ ಬೆಂಚಿನಲ್ಲಿದ್ದ ಅಣ್ಣನನ್ನೇ ನೋಡುತ್ತ, ಊಟಕ್ಕೆ ಕರೆಯುವ ದನಿಯಲ್ಲಿ ಹೇಳಿದ:

"ಮುಂದಿನ ಸುಗ್ಗಿಗೆ ಮುಂಚೆ ಈ ದ್ವೀಪಗಳಿಗೆ ಒಬ್ಬನೇ ಯಾರ್ಲ್ ಇರ್ತಾನೆ. ಅವನು ನಾನಾಗಿರ್ತೀನಿ. ಇಲ್ಲಾಂದ್ರೆ ನಾನೇ ಇರಲ್ಲ."

ಕೊಡ ಹಿಡಿದು ಗೋಡೆಗೆ ಒರಗಿ ನಿಂತಿದ್ದ ಹೆರ್ದಿಸ್‌ಗೆ ಆಗಲೇ ತನ್ನ ತಪ್ಪು ತಿಳಿಯಿತು. ಆ ಮಾತಿಗೆ ಹೆಂಡದ ಹಂಗೇ ಇರಲಿಲ್ಲ. ಬಹಳ ಕಾಲದಿಂದ ಒಳಗೆ ಹೊಳಪು ಕೊಟ್ಟು ಇಟ್ಟುಕೊಂಡಿದ್ದ ಮಾತು ಅದು.

ವೆಮುಂದ್ ಕೊಂಬು ಬರಿದು ಮಾಡಿ ಪೀಠದಲ್ಲಿ ಕೂತ. ಕೊಂಬನ್ನು ಮತ್ತೆ ತುಂಬಿದರು. ಅವನ ಆಪ್ತರು, ಅವರಲ್ಲಿ ಯೋರುನ್‌ಳ ಮಗನೂ, ಒಬ್ಬರ ಮೇಲೊಬ್ಬರು ಎದ್ದು, ಅವನ ಜೊತೆ ದಡಕ್ಕೆ ಹಾರುತ್ತೇನೆ, ಅವನಿಗಿಂತ ಮುಂದೆ ನಿಲ್ಲುತ್ತೇನೆ ಎಂದು ಆಣೆಯಿಟ್ಟರು. ಕುಡಿದು ಹೇಳಿದ್ದಲ್ಲವಾದ್ದರಿಂದ ಮಾತುಗಳು ಚಿಕ್ಕವಾಗಿ, ನೆಟ್ಟಗೆ ಇದ್ದವು. ಕೊಂಬು ಔದುನ್‌ನ ಕೈಗೆ ಬಂತು. ಅವನು ಎದ್ದ. ಕೊಂಬಿನೊಳಗೆ ನೋಡಿದ, ಓರ್ಮ್‌ನನ್ನು ನೋಡಿದ, ಪೀಠದ ಮೇಲಿದ್ದ ವೆಮುಂದ್‌ನನ್ನು ನೋಡಿದ. ಬಾಯಿ ತೆರೆದ. ಆಮೇಲೆ ಕೊಂಬನ್ನು ತುಟಿಗಿಟ್ಟು ಕುಡಿದು, ಪಕ್ಕದವನಿಗೆ ಕೊಟ್ಟು ಕೂತುಬಿಟ್ಟ. ಸಭೆಯಲ್ಲಿ ಯಾರೋ ಕೆಮ್ಮಿದರು. ಹೆರ್ದಿಸ್ ಕೈಯಲ್ಲಿದ್ದ ಕೊಡವನ್ನು ನೆಲಕ್ಕಿಟ್ಟಳು. ಅವಳಿಗೆ ಬೇಕಾದದ್ದು ಆಗಿತ್ತು.

ಓರ್ಮ್ ಜಗಳವಾಡಲಿಲ್ಲ. ಎದ್ದು, ಊಟ ಚೆನ್ನಾಗಿತ್ತು ಎಂದು ಹೇಳಿ, ಗಾಳಿ ಅನುಕೂಲವಾಗಿದೆ, ಬೆಳಕಿರುವಾಗಲೇ ಹೊರಡುತ್ತೇನೆ ಎಂದ. ತನ್ನ ಕಾಲ ಮೇಲೆ ತಾನೇ ನೆಟ್ಟಗೆ ನಡೆದುಹೋಗಿ, ತಾನೇ ಚುಕ್ಕಾಣಿ ಹಿಡಿದು ಹೋದ.

ಮಾರನೆಯ ಬೆಳಿಗ್ಗೆ ವೆಮುಂದ್ ಹೆಂಡದ ಮನೆಗೆ ಬಂದ. ಬಾನಿಯಲ್ಲಿ ಉಳಿದದ್ದನ್ನು ಸೌಟಿನಲ್ಲಿ ತೆಗೆದು ಕುಡಿದ. ಬೋರಲು ಹಾಕಿದ್ದ ಮರದ ತೊಟ್ಟಿಯ ಮೇಲೆ ಕೂತು, ಚಿಕ್ಕವನಿದ್ದಾಗ ಹೊಟ್ಟೆನೋವೆಂದು ಹೇಳಲು ಬರುತ್ತಿದ್ದ ದನಿಯಲ್ಲಿ ಕೇಳಿದ.

"ಇದು ಯಾರು ಕುಡಿಯೋ ಹೆಂಡ, ಅವ್ವಾ?"

"ಮಕ್ಕಳು ಕುಡಿಯೋದು. ಬೇಕು ಅಂತಲೇ ಮಾಡ್ದೆ."

ಅವನು ಸಿಟ್ಟಾಗಲಿಲ್ಲ. ಭೂಶಿರದ ಮರೆಯಲ್ಲಿ ಹಡಗುಗಳನ್ನು ನಿಲ್ಲಿಸಿದ್ದೆ, ಕತ್ತಲಾದ ಮೇಲೆ ಬರಲು ಹೇಳಿದ್ದೆ ಎಂದ. ಹೆಂಡ ಗಟ್ಟಿಯಾಗಿದ್ದರೆ ಓರ್ಮ್ ಎಂದಿನಂತೆ ಕುಡಿದು ಬೀಳುತ್ತಿದ್ದ. ಅವನ ಜನರೂ ಬೀಳುತ್ತಿದ್ದರು. ಬೆಳಗಾಗುವುದರೊಳಗೆ ಕೈಕಾಲು ಕಟ್ಟಿ, ತನ್ನ ಪಾಲು ಬಿಟ್ಟೆನೆಂದು ಹೇಳಿಸಿ, ಅವನಿಗೊಂದು ಹೊಲಮನೆ ಕೊಟ್ಟು ಕಳಿಸುವ ಯೋಚನೆ. ಒಬ್ಬನ ರಕ್ತವೂ ಬೀಳುತ್ತಿರಲಿಲ್ಲ. ಕೊಂಬು ಬರುವವರೆಗೆ ತಾನು ಹನಿ ಹೆಂಡವನ್ನೂ ಮುಟ್ಟದಿದ್ದುದರಿಂದ ಗೊತ್ತಾಗಲಿಲ್ಲ; ಈಗ ಓರ್ಮ್ ಮನೆ ಸೇರಿದ್ದಾನೆ, ಆಣೆ ಬಾಯಿಂದ ಹೊರಬಿದ್ದಿದೆ.

"ನಿನ್ನ ಹೆಂಡ ನಂಬ್ಕೊಂಡಿದ್ದೆ ಅವ್ವಾ," ಎಂದ. "ಈ ಮನೇಲಿ ಬೇರೆ ಯಾವುದನ್ನೂ ನಾನು ಅಷ್ಟು ನಂಬಿರಲಿಲ್ಲ."

ಅಣ್ಣನನ್ನು ಊಟಕ್ಕೆ ಕರೆದು ಕಟ್ಟಿಹಾಕುವುದು ಗಂಡಸಿನ ಕೆಲಸವೇ ಎಂದು ಹೆರ್ದಿಸ್ ಕೇಳಬಹುದಿತ್ತು. ಅವಳ ಬಾಯಿಗೆ ಬಂದಿತ್ತು ಕೂಡ. ಆದರೆ ಅಷ್ಟರಲ್ಲಿ ಅವನು ಇನ್ನೊಂದು ಮಾತು ಕೇಳಿದ.

"ಯಾರಿಗೋಸ್ಕರ ಮಾಡ್ದೆ? ನನಗಾ, ಔದುನ್‌ಗಾ?"

ಹೆರ್ದಿಸ್‌ಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಅವಳು ತೊಳೆದಿದ್ದ ಸೌಟನ್ನೇ ಮತ್ತೆ ತೊಳೆದಳು. ವೆಮುಂದ್ ಎದ್ದ.

"ಕೇಳಿದ್ರೆ ಆಣೆ ಇಡದ ಹಾಗೆ ಬಿಡ್ತಿದ್ದೆ ಅವನನ್ನ. ಒಂದು ಮಾತು ಕೇಳ್ಬೇಕಿತ್ತು ನೀನು."

ಹೆಂಡದ ವಿಷಯವನ್ನು ಅವನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅವಳ ಗತಿ ಏನಾಗುತ್ತಿತ್ತೆಂಬುದು ಇಬ್ಬರಿಗೂ ಗೊತ್ತಿತ್ತು.

ಆ ಚಳಿಗಾಲವೆಲ್ಲ ಔದುನ್ ಬಾಗಿಲ ಬಳಿಯ ಬೆಂಚಿನಲ್ಲಿ ಕೂತು ಊಟ ಮಾಡಿದ. ಕೊಂಬು ಹಿಡಿದು ಮೂಗನಾದವನೆಂದು ಅವನಿಗೆ ಹೆಸರಿಟ್ಟರು. ಅವನಿಗೆ ಹೆಂಡ ಬಡಿಸುವಾಗ, ಇವನಿಗೆ ಹಾಲು ಕೊಡಿ, ಅಭ್ಯಾಸ ಬಿಟ್ಟಿಲ್ಲ ಎಂದು ನಗುತ್ತಿದ್ದರು. ವೆಮುಂದ್ ಇದ್ದಾಗ ಯಾರೂ ಹಾಗೆ ಆಡುತ್ತಿರಲಿಲ್ಲ. ಆದರೆ ವೆಮುಂದ್ ಅವನನ್ನು ತನ್ನ ಪಕ್ಕಕ್ಕೆ ಕರೆಯಲೂ ಇಲ್ಲ. ಔದುನ್ ತಾನಾಗಿ ಹೋಗಲೂ ಇಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಹುಡುಕುತ್ತಿದ್ದುದು ಹೆರ್ದಿಸ್‌ಗೆ ಕಾಣುತ್ತಿತ್ತು. ಅವಳು ನಡುವೆ ಬಾಯಿ ಹಾಕಲಿಲ್ಲ.

ವಸಂತದಲ್ಲಿ ಹಡಗುಗಳನ್ನು ನೀರಿಗಿಳಿಸಿದರು. ಆಣೆಯಿಡದ ಔದುನ್ ಹಡಗು ಹತ್ತುವಂತಿರಲಿಲ್ಲ, ವೆಮುಂದ್ ತಾನಾಗಿ ಕರೆದರೆ ಮಾತು ಬೇರೆ. ಅವನು ಸೊಂಟದವರೆಗೆ ತಣ್ಣೀರಿನಲ್ಲಿ ನಿಂತು ವೆಮುಂದ್‌ನ ಹಡಗಿನ ಮೂತಿಗೆ ಹೆಗಲು ಕೊಟ್ಟು ತಳ್ಳಿದ. ಮೇಲಿನಿಂದ ವೆಮುಂದ್ ಬಾಗಿ ನೋಡಿದ. ಕೆಳಗಿನವನು ತಲೆಯೆತ್ತಿದ. ಇಬ್ಬರಲ್ಲಿ ಒಬ್ಬರು ಒಂದು ಮಾತು ಆಡಿದ್ದರೆ ಸಾಕಿತ್ತು. ದಡದಲ್ಲಿದ್ದ ಹೆರ್ದಿಸ್, ಹಳೆಯ ದೇವರಿಗೂ ಹೊಸ ದೇವರಿಗೂ ಒಟ್ಟಿಗೇ ಹರಕೆ ಹೊತ್ತು, ಇಬ್ಬರೂ ಬಾಯಿ ತೆರೆಯದಿರಲಿ ಎಂದು ಬೇಡಿಕೊಂಡಳು. ಯಾವ ದೇವರೋ ಕೇಳಿಸಿಕೊಂಡ. ಹಡಗು ಹೋಯಿತು.

ಓರ್ಮ್‌ಗೆ ಸಿದ್ಧವಾಗಲು ಒಂದು ಇಡೀ ಚಳಿಗಾಲ ಸಿಕ್ಕಿತ್ತು. ಉತ್ತರದ ಜಲಸಂಧಿಯಲ್ಲಿ, ಇಳಿತದ ಸೆಳವು ಜೋರಾಗಿದ್ದ ಹೊತ್ತಿನಲ್ಲಿ ಎರಡೂ ಕಡೆಯವರು ಹಡಗಿಗೆ ಹಡಗು ಕಟ್ಟಿಕೊಂಡು ಕಾದಿದರು. ವೆಮುಂದ್ ಹಿಂದೆ ಸರಿಯಬಹುದಾಗಿದ್ದ ಸಮಯದಲ್ಲೂ ಸರಿಯಲಿಲ್ಲವಂತೆ. ಅವನ ಎಡಗಡೆಗೆ ಗುರಾಣಿ ಹಿಡಿಯುವ ಜಾಗದಲ್ಲಿ, ಅಭ್ಯಾಸದ ದಿನಗಳಿಂದ ಔದುನ್‌ನದಾಗಿದ್ದ ಜಾಗದಲ್ಲಿ, ಹೊಸಬನೊಬ್ಬನಿದ್ದನಂತೆ. ಏಟು ಆ ಕಡೆಯಿಂದಲೇ ಬಿತ್ತು.

ಗೆದ್ದ ಓರ್ಮ್ ದ್ವೀಪ ದ್ವೀಪಕ್ಕೆ ಜನ ಕಳಿಸಿ, ಪಟ್ಟದ ದಿನ ಕೊಂಬು ಹಿಡಿದು ಆಣೆಯಿಟ್ಟವರಲ್ಲಿ ಬದುಕಿ ಬಂದವರನ್ನು ಎಳೆತರಿಸಿದ. ಒಬ್ಬನನ್ನೂ ಮರೆತಿರಲಿಲ್ಲ. ಅವನ ತಲೆ ಅಂದು ಅಷ್ಟು ಚೊಕ್ಕವಾಗಿತ್ತು. ಯೋರುನ್‌ಳ ಮಗನನ್ನೂ ಕರೆದೊಯ್ದರು. ಹೆರ್ದಿಸ್‌ಳ ಬಾಗಿಲನ್ನು ಯಾರೂ ತಟ್ಟಲಿಲ್ಲ. ಯೋರುನ್ ಆಮೇಲೆ ಅವಳ ಜೊತೆ ಕೆಲಸಕ್ಕೆ ಬರಲಿಲ್ಲ; ಬೈಯಲೂ ಇಲ್ಲ.

ವೆಮುಂದ್‌ನ ಹೆಣವನ್ನು ಓರ್ಮ್ ಹೂಳಿಸದೆ, ಹುಲ್ಲು ಮುಗಿದು ಸಮುದ್ರ ಶುರುವಾಗುವ ಕಲ್ಲುದಡದಲ್ಲಿ, ಕಳ್ಳರನ್ನು ಹಾಕುವ ಜಾಗದಲ್ಲಿ ಹಾಕಿಸಿದ್ದನೆಂದು ಸುದ್ದಿ ಬಂತು. ಹೆಣ ಕೇಳಲು ಹೋದವನು ವೆಮುಂದ್‌ನ ಕಡೆಯವನೆಂದೇ ಅರ್ಥ. ಹಾಗಾಗಿ ಯಾರೂ ಹೋಗಲಿಲ್ಲ. ಔದುನ್ ಊಟ ಬಿಟ್ಟು ಎದ್ದು, ತಾನು ಹೋಗಿ ತರುತ್ತೇನೆಂದ. ಯಾವ ಮಗನ ಜೀವಕ್ಕಾಗಿ ಅವಳು ಇಷ್ಟೆಲ್ಲ ಮಾಡಿದ್ದಳೋ ಅವನು ಈಗ ಆಣೆಯಿಲ್ಲದೆ, ಹೆಂಡವಿಲ್ಲದೆ ತಾನಾಗಿ ಹೊರಟಿದ್ದ. ಬೇಡವೆನ್ನಲು ಹೆರ್ದಿಸ್ ಬಾಯಿ ತೆರೆದಳು. ಬಂದದ್ದು ಬೇರೆ ಮಾತು.

"ಆ ಸೆಳವಿಗೆ ಒಬ್ಬರ ಕೈ ಸಾಲಲ್ಲ. ನಾನೂ ಬರ್ತೀನಿ."

ಅವನನ್ನು ದೋಣಿಯಲ್ಲೇ ಬಿಟ್ಟು ಅವಳೊಬ್ಬಳೇ ಓರ್ಮ್‌ನ ಮನೆಗೆ ನಡೆದಳು. ಓರ್ಮ್ ಅವಳ ಗುರುತು ಹಿಡಿದ. ಆ ಹೆಂಡ ಮಾಡಿದವಳಲ್ಲವೇ ಎಂದು ಕೇಳಿ, ತನ್ನ ಜನರ ಕಡೆ ತಿರುಗಿ, ಸೆರೆ ಸಿಕ್ಕವರು ಭೂಶಿರದ ಮರೆಯ ಹಡಗುಗಳ ವಿಷಯ ಹೇಳಿದಾಗಲೇ ತನಗೆ ಎಲ್ಲ ತಿಳಿಯಿತು, ಈ ಹೆಂಗಸಿನ ಹೆಂಡ ಗಟ್ಟಿಯಾಗಿದ್ದರೆ ತಾನು ಈಗ ಎಲ್ಲೋ ಹೊಲದಲ್ಲಿ ಟರ್ನಿಪ್ ಗೆಡ್ಡೆ ಕೀಳುತ್ತಿದ್ದೆ ಎಂದ. ಅವನು ಗೇಲಿ ಮಾಡುತ್ತಿರಲಿಲ್ಲ. ನಿಜವಾಗಿ ಉಪಕಾರ ನೆನೆಯುತ್ತಿದ್ದ. ಏನು ಬೇಕೋ ಕೇಳು, ಹೊಲ ಬೇಕಾದರೆ ಹೊಲ ಎಂದ. ಇಷ್ಟು ಕಷ್ಟದ ಮಾತನ್ನು ಹೆರ್ದಿಸ್ ತನ್ನ ಜೀವನದಲ್ಲಿ ಕೇಳಿರಲಿಲ್ಲ. ನಿಂತೇ ಕೇಳಿಸಿಕೊಂಡಳು.

"ದಡದಲ್ಲಿರೋ ಹೆಣ ಕೊಡು," ಎಂದಳು.

"ಅವನು ನಿನಗೇನಾಗ್ಬೇಕು?"

"ಮಗ."

"ನಿನ್ನ ಮಗ ದೋಣೀಲಿ ಕೂತಿದಾನೆ ಅಂದ್ರು ಇವರು."

"ಅವನೂ ಮಗ. ನನಗೆ ಇಬ್ಬರು. ಸತ್ತವನನ್ನ ಕೊಡು, ಬದುಕಿರೋನ ತಂಟೆಗೆ ಬರಲ್ಲ ಅಂತ ಹೇಳು."

ಓರ್ಮ್ ಕೊಂಬು ತರಿಸಲು ಕೈಯೆತ್ತಿದ. ಕೊಂಬು ಬೇಡ, ಬಾಯಲ್ಲಿ ಹೇಳಿದರೆ ಸಾಕು ಎಂದಳು ಅವಳು. ಅವನು ಹೇಳಿದ. ಹೆಣವನ್ನು ಎತ್ತಿ ದೋಣಿಗೆ ಹಾಕಲು ಇಬ್ಬರು ಆಳುಗಳನ್ನೂ ಕೊಟ್ಟ.

ದೋಣಿ ದಡ ಬಿಟ್ಟ ಮೇಲೆ ಔದುನ್ ಮಾತಾಡಿದ. ಚಳಿಗಾಲವೆಲ್ಲ ಒಳಗಿಟ್ಟುಕೊಂಡಿದ್ದದ್ದನ್ನು ಹೆಣದ ಮುಖ ನೋಡುತ್ತಲೇ ಹೇಳಿದ.

"ಅವತ್ತು ಹೆದರಿದೆ ಅವ್ವಾ. ಕೊಂಬು ಕೈಗೆ ಬಂದಾಗ ಮಾತೇ ಹೊರಡಲಿಲ್ಲ. ಅಪ್ಪನ ಹಾಗೆ ಆಗ್ಲಿಲ್ಲ ನಾನು."

"ನಿಮ್ಮಪ್ಪ ಕುಡಿದಿದ್ರು," ಎಂದಳು ಹೆರ್ದಿಸ್. "ನೀನು ಕುಡಿದದ್ದು ಮಕ್ಕಳ ಹೆಂಡ. ನಾನು ತೆಳು ಮಾಡಿದ್ದೆ, ನೀನು ಆಣೆ ಇಡಬಾರದು ಅಂತ."

ಔದುನ್ ಹುಟ್ಟು ಹಾಕುವುದನ್ನು ನಿಲ್ಲಿಸಿದ. ದೋಣಿ ಓರೆಯಾಗಿ ತೇಲತೊಡಗಿತು. ಅವನು ಅವಳನ್ನು ನೋಡಿದ ರೀತಿಗೆ ಅವಳು ತಯಾರಾಗೇ ಇದ್ದಳು. ಆದರೂ ಅವಳ ಕಣ್ಣು ಕೆಳಗೆ ಬಿತ್ತು.

"ಇವನಿಗೆ ಗೊತ್ತಿತ್ತಾ?"

"ಮಾರನೇ ಬೆಳಿಗ್ಗೆನೇ ಗೊತ್ತಾಯ್ತು."

"ಯಾರಿಗೂ ಹೇಳ್ಲಿಲ್ಲ."

"ಹೇಳ್ಲಿಲ್ಲ."

ಔದುನ್ ಮುಂದೆ ಹೋಗಿ, ವೆಮುಂದ್‌ನ ಕೂದಲಿಗೆ ಸಿಕ್ಕಿಕೊಂಡಿದ್ದ ಪಾಚಿಯನ್ನು ಒಂದೊಂದೇ ಎಳೆಯಾಗಿ ಬಿಡಿಸುತ್ತ ಕೂತ. ಸೆಳವು ತಿರುಗುತ್ತಿತ್ತು. ಹೆರ್ದಿಸ್ ಎರಡೂ ಹುಟ್ಟುಗಳನ್ನು ಎಳೆದುಕೊಂಡು ದೋಣಿಯ ಮೂತಿಯನ್ನು ಮನೆಯ ಕಡೆಗೆ ಹಿಡಿದಿಡಲು ನೋಡಿದಳು. ಅವಳ ವಯಸ್ಸಿಗೆ ಅದು ಆಗುವ ಕೆಲಸವಾಗಿರಲಿಲ್ಲ. ಆದರೂ ಮಗನನ್ನು ಕರೆಯಲಿಲ್ಲ. ಬಹಳ ಹೊತ್ತಿನ ಮೇಲೆ ಅವನೇ ಎದ್ದು ಬಂದು, ಅವಳ ಪಕ್ಕದಲ್ಲಿ ಕೂತು ಒಂದು ಹುಟ್ಟನ್ನು ತೆಗೆದುಕೊಂಡ.